ಬಾತ್ಮೀದಾರ ಆ ಕೋಣೆಯಲ್ಲಿ ಇದ್ದನೇ?

ಕೈಗವಸು ಹೊಲಿದು ಮಾರುತ್ತಿದ್ದ ಆ ಲಂಡನ್ನಿನ ಮನುಷ್ಯ ವಿಚಾರಣೆಯಲ್ಲೂ ನೇಣುಗಂಬದ ಕೆಳಗೂ ಹೇಳಿದ್ದು ಒಂದೇ ಮಾತು. ತಾನು ಕ್ಯಾಥೊಲಿಕ್ ಎನ್ನುವುದು ನಿಜ, ಆದರೆ ಈ ಸಾಕ್ಷಿ ತನ್ನ ಮನೆಯೊಳಗೆ ಕಾಲಿಟ್ಟವನೇ ಅಲ್ಲ. ಸಾಕ್ಷಿ ಎಂದರೆ ಅವನ ಮೇಲೆ ವರದಿ ಬರೆದ ಬಾತ್ಮೀದಾರ. ಹದಿನೇಳನೇ ಶತಮಾನದ ಪ್ರಾಟೆಸ್ಟೆಂಟ್ ಇಂಗ್ಲೆಂಡಿನ ಕಾಲ. ಕ್ಯಾಥೊಲಿಕರು ರಾಜನನ್ನು ಕೊಲ್ಲಲು ಸಂಚು ಮಾಡುತ್ತಿದ್ದಾರೆಂಬ ಭಯ ಊರಿಗೆ ಊರೇ ಹಿಡಿದಿತ್ತು. ಮಂತ್ರಿಯ ಕಚೇರಿಯ ಕಾರ್ಯದರ್ಶಿಯೊಬ್ಬ ಹೆಂಡದಂಗಡಿಗಳಲ್ಲಿ, ಬಂದರಿನಲ್ಲಿ ಕಿವಿಯಾನಿಸಿ ಕೂರುವವರಿಗೆ ದುಡ್ಡು ಕೊಟ್ಟು ಸುದ್ದಿ ತರಿಸುತ್ತಿದ್ದ. ಅಂಥ ಒಬ್ಬನ ಮಾತಿಗೆ ಕೈಗವಸಿನವನ ಕೊರಳು ಹೋಯಿತು.

ಇದೆಲ್ಲ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು 2003ರ ಚಳಿಗಾಲದಲ್ಲಿ. ವಾಷಿಂಗ್ಟನ್ನಿನ ಒಂದು ಸಣ್ಣ ಮ್ಯೂಸಿಯಂ, ಯುರೋಪಿನ ರಾಜರು ಬಾತ್ಮೀದಾರರಿಗೆ ದುಡ್ಡು ಕೊಟ್ಟು ಸಂಚುಗಳನ್ನು ಬಯಲಿಗೆಳೆದ ಬಗೆಯ ಮೇಲೆ ಪ್ರದರ್ಶನವೊಂದನ್ನು ಹೂಡಿತ್ತು. ಹಳೆಯ ಇಂಗ್ಲಿಷ್ ಕೈಬರಹ ಓದಬಲ್ಲವನೆಂದು ನನ್ನನ್ನು ಕಾಂಟ್ರ್ಯಾಕ್ಟ್ ಮೇಲೆ ತೆಗೆದುಕೊಂಡಿದ್ದರು. ಪ್ರದರ್ಶನದ ನಡುಮನೆಯಲ್ಲಿ ಇಡಬೇಕಾಗಿದ್ದದ್ದು ಈ ಬಾತ್ಮೀದಾರನ ವರದಿಗಳ ಕಟ್ಟು. ಅದು ಅಮೆರಿಕದ ದಕ್ಷಿಣದ ಊರಾದ ಷಾರ್ಲೆಟ್ಟಿನ ಒಬ್ಬ ಶ್ರೀಮಂತರ ಖಾಸಗಿ ಸಂಗ್ರಹದ್ದು. ಪ್ರದರ್ಶನಕ್ಕೆ ಹಣ ಕೊಟ್ಟವರೂ ಅವರೇ. ಪ್ರದರ್ಶನದ ಹೊಣೆ ಹೊತ್ತಿದ್ದ ಕ್ಯುರೇಟರ್ ಬರೆದಿಟ್ಟಿದ್ದ ಫಲಕದ ಕರಡಿನಲ್ಲಿ ಕೈಗವಸಿನವನು 'ಸಂಚಿನ ಮುಖ್ಯಸ್ಥ' ಆಗಿದ್ದ. ನನ್ನ ಕೆಲಸ ವರದಿಗಳನ್ನು ಓದಿ, ಟೈಪ್ ಮಾಡಿ, ಆ ಕರಡನ್ನು ಸರಿಯೆಂದೋ ತಪ್ಪೆಂದೋ ಹೇಳುವುದು. ಫಲಕ ಲೋಹದಲ್ಲಿ ಕೊರೆಸುವಂಥದ್ದು. ಒಮ್ಮೆ ಗೋಡೆಗೆ ಏರಿದರೆ ಆ ಮನುಷ್ಯನ ಬಗ್ಗೆ ಜನ ಓದುವ ಕೊನೆಯ ಮಾತು ಅದೇ. ಅವನ ಹೆಸರು ಬೇರೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ನಾನು ಹುಟ್ಟಾ ಅನುಮಾನದ ಪ್ರಾಣಿ. ಅಂಗಡಿಯಲ್ಲಿ ಎರಡು ಕೊಂಡರೆ ಒಂದು ಉಚಿತ ಎಂದಿದ್ದರೆ, ಮೊದಲು ಆ ಮೂರನೆಯದರ ತಾರೀಖು ನೋಡುವವನು. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನನ್ನ ಕಸುಬಿನಲ್ಲಿ ಇದಕ್ಕೇ ಸಂಬಳ.

ಮೊದಲು ಅನುಮಾನಪಟ್ಟದ್ದು ಕಾಗದವನ್ನು. ಮ್ಯೂಸಿಯಮ್ಮಿನ ಓದುಕೋಣೆಯಲ್ಲಿ ಪೆನ್ನು ಒಯ್ಯುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಹಾಳೆಯನ್ನು ಬೆಳಕಿನ ಹಲಗೆಯ ಮೇಲಿಟ್ಟು ಕಾಗದದೊಳಗಿನ ನೀರುಗುರುತು ನೋಡಿದೆ, ಆ ಕಾಲದ್ದೇ. ದೀಪವನ್ನು ಪಕ್ಕಕ್ಕೆ ವಾಲಿಸಿ, ಗರಿಯ ಲೇಖನಿ ಒತ್ತಿದ ಜಾಡು ನೋಡಿದೆ. ಎಲ್ಲ ಹಾಳೆಗಳಲ್ಲೂ ಒಂದೇ ಕೈ. ಶಾಯಿ ಹಿಂದಕ್ಕೆ ಕಂದು ಬಣ್ಣವಾಗಿ ಇಳಿದ ರೀತಿಯೂ ಸರಿಯಾಗಿತ್ತು. ಅಲ್ಲಿಗೆ ಕಾಗದದ ಮೇಲಿನ ಅನುಮಾನ ಬಿಟ್ಟೆ. ಯಾರೋ ಸಂಗ್ರಾಹಕರಿಗೆ ಟೋಪಿ ಹಾಕಿದ್ದಲ್ಲ. ಬಾತ್ಮೀದಾರನೇ ಬರೆದದ್ದು.

ಆಮೇಲೆ ಓದು. ಮೊದಲ ಸುತ್ತಿನಲ್ಲಿ ಏನನ್ನೂ ತಿದ್ದದೆ, ಅರ್ಥ ಮಾಡಿಕೊಳ್ಳುವ ಆಸೆಯನ್ನೂ ಅದುಮಿಟ್ಟು, ಅಕ್ಷರಕ್ಕೆ ಅಕ್ಷರ ಇಳಿಸಬೇಕು. ಅರ್ಥ ಹಿಡಿದುಕೊಂಡು ಓದಿದರೆ ಕಣ್ಣು ತನಗೆ ಬೇಕಾದದ್ದನ್ನೇ ಓದುತ್ತದೆ. ಮೊದಮೊದಲ ವರದಿಗಳು ಬರೀ ಹರಟೆ. ಹೆಂಡದಂಗಡಿಯಲ್ಲಿ ಯಾರೋ ರಾಜನನ್ನು ಬೈದ, ಬಂದರಿಗೆ ಒಬ್ಬ ಅಪರಿಚಿತ ಬಂದಿಳಿದ, ಮಳೆ ಜೋರಾಗಿತ್ತು. ನಡುವೆ ಕಾರ್ಯದರ್ಶಿಯ ಒಂದು ಚೀಟಿ: ಇಂಥ ಕಾಡುಹರಟೆಗೆ ಇನ್ನು ಮುಂದೆ ಕಾಸಿಲ್ಲ. ಅದರ ಬೆನ್ನಲ್ಲೇ ಬಂದ ವರದಿಯಲ್ಲಿ ಇದ್ದಕ್ಕಿದ್ದಂತೆ ಕೈಗವಸಿನವನ ಅಟ್ಟದ ಕೋಣೆ, ವೇಷ ಮರೆಸಿಕೊಂಡ ಪಾದ್ರಿ, ಗುಟ್ಟಿನ ಬಲಿಪೂಜೆ (ಕಾನೂನು ನಿಷೇಧಿಸಿದ್ದ ಕ್ಯಾಥೊಲಿಕ್ 'ಮಾಸ್'), ಪೂಜೆ ಮುಗಿದ ಮೇಲೆ ರಾಜನನ್ನು ಕೊಲ್ಲುವ ಆಣೆ. ಬಾತ್ಮೀದಾರ ತಾನೂ ಕ್ಯಾಥೊಲಿಕನೆಂದು ನಂಬಿಸಿ ಒಳಗೆ ಹೋಗಿದ್ದನಂತೆ. ಎಲ್ಲರ ಜೊತೆ ಮೊಣಕಾಲೂರಿದ್ದನಂತೆ.

ಕಾಸು ನಿಂತ ಕೂಡಲೇ ಸಂಚು ಸಿಕ್ಕಿತು ಎಂದು ಕ್ಯುರೇಟರ್‌ಗೆ ಹೇಳಿದೆ. ಆಕೆ ಅಟ್ಲಾಂಟಾದವರು, ಐರಿಶ್ ಮೂಲದ ಕ್ಯಾಥೊಲಿಕ್ ಮನೆತನ, ಕೆಲಸದಲ್ಲಿ ಕಟ್ಟುನಿಟ್ಟು.

"ಅದು ಅನುಮಾನ, ಪುರಾವೆ ಅಲ್ಲ. ಕಾಸು ನಿಂತದ್ದಕ್ಕೇ ಆತ ಕಷ್ಟಪಟ್ಟು ನಿಜವಾದ ಸುದ್ದಿ ತಂದಿರಬಹುದಲ್ಲ?" ಎಂದರು.

ಸರಿಯಾದ ಮಾತು. ಆ ವರದಿಯ ಫೋಟೋ ಪ್ರತಿಗಳನ್ನು ಬ್ಯಾಗಿಗೆ ಹಾಕಿಕೊಂಡು ಊರಾಚೆ ಶ್ಯಾಂಟಿಲಿಯಲ್ಲಿದ್ದ ನಮ್ಮ ಮನೆಗೂ ತರತೊಡಗಿದೆ. ಸೆಪ್ಟೆಂಬರ್ ಹನ್ನೊಂದರ ದಾಳಿಯ ಭಯ ಇನ್ನೂ ಆರದ ಆಗಿನ ಮೆಟ್ರೋ ರೈಲು ಗೊತ್ತಿದ್ದವರಿಗೆ ಗೊತ್ತು. ಅನುಮಾನ ಬಂದರೆ ತಿಳಿಸಿ ಎಂದು ಸ್ಪೀಕರ್ ಒಂದೇ ಸಮನೆ ಹೇಳುತ್ತಿತ್ತು. ನನ್ನ ಗಡ್ಡ, ಬಣ್ಣ, ತೊಡೆಯ ಮೇಲಿನ ಓದಲಾಗದ ಗೀಚು ಬರಹ, ಮೂರನ್ನೂ ಒಟ್ಟಿಗೆ ನೋಡಿ ಎದುರಿನ ಹೆಂಗಸೊಬ್ಬರು ಎದ್ದು ಬೇರೆ ಡಬ್ಬಿಗೆ ಹೋದದ್ದುಂಟು. ನನಗೆ ಕೋಪ ಬಂದಿತ್ತು. ಆದರೆ ಅದೇ ಹೊತ್ತಿಗೆ ನಾನೂ ಮೂಲೆಯಲ್ಲಿದ್ದ ವಾರಸುದಾರರಿಲ್ಲದ ಒಂದು ಚೀಲವನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಎಳೆ ಸಿಕ್ಕಿದ್ದು ಒಂದು ಭಾನುವಾರ, ಚರ್ಚಿನಲ್ಲಿ. ನಾನು ಉಡುಪಿ ಕಡೆಯ ಕ್ಯಾಥೊಲಿಕ್, ಹೆಂಡತಿ ಮೈಸೂರಿನವಳು. ಆಗ ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದರು. ಇಲ್ಲಿ ಅವರಿಗದು ಮೊದಲ ಪೂಜೆ. ಪರಮಪ್ರಸಾದದ ರೊಟ್ಟಿ ತೆಗೆದುಕೊಂಡು ಪಕ್ಕಕ್ಕೆ ಸರಿದರೆ, ಅಲ್ಲೊಬ್ಬರು ದ್ರಾಕ್ಷಾರಸದ ಬಟ್ಟಲನ್ನು ಅವರ ಮುಂದೆ ಚಾಚಿದರು. ಅತ್ತೆ ಬೆಂಕಿ ಕಂಡವರಂತೆ ಹಿಂದೆ ಸರಿದು, ಹಿಂದಿದ್ದ ನನ್ನ ಕಾಲು ತುಳಿದರು.

ಕಾರಿನಲ್ಲಿ ಕೂತ ಮೇಲೂ ಅವರ ಗಾಬರಿ ಇಳಿದಿರಲಿಲ್ಲ. "ಏನೇ ಇದು, ಬಟ್ಟಲನ್ನ ಎಲ್ಲರ ಬಾಯಿಗೂ ಇಟ್ಬಿಡ್ತಾರಲ್ಲ! ಅದು ಸ್ವಾಮಿಗಳಿಗೆ ಮಾತ್ರ ಅಲ್ವೇನೇ?" ಎಂದರು ಮಗಳಿಗೆ.

"ಇಲ್ಲಿ ಹಾಗೇನೇ ಅಮ್ಮ. ಬೇಕಾದ್ರೆ ತಗೋಬಹುದು, ಬೇಡ ಅಂದ್ರೆ ಸ್ಕಿಪ್ ಮಾಡಬಹುದು."

"ಅಜ್ಜಿ, ಇಟ್ಸ್ ಓಕೆ. ಜಸ್ಟ್ ಒಂದು ಸಿಪ್," ಎಂದಳು ಹಿಂದಿನ ಸೀಟಿನಿಂದ ಒಂಬತ್ತು ವರ್ಷದ ನನ್ನ ಮಗಳು.

"ಸಿಪ್ಪಂತೆ ಸಿಪ್ಪು! ನಮ್ಮಪ್ಪ, ನಮ್ಮ ತಾತ ಯಾರೂ ಮುಟ್ಟಿದವರಲ್ಲ."

ನಾನು ಕಾರನ್ನು ಪಾರ್ಕಿಂಗಿನಿಂದ ಹಿಂದಕ್ಕೆ ತೆಗೆಯುತ್ತಿದ್ದವನು ಅಲ್ಲೇ ನಿಲ್ಲಿಸಿಬಿಟ್ಟೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಬಾತ್ಮೀದಾರನ ವರದಿಯಲ್ಲಿ ಪಾದ್ರಿ ಮೊಣಕಾಲೂರಿದವರಿಗೆಲ್ಲ ಒಬ್ಬೊಬ್ಬರಿಗಾಗಿ ಬಟ್ಟಲು ಕೊಡುತ್ತಾನೆ. ಬಾತ್ಮೀದಾರನೂ ಕುಡಿಯುತ್ತಾನೆ. ಅದನ್ನು ನಾನು ಹತ್ತಾರು ಸಲ ಓದಿದ್ದೆ. ಅಮೆರಿಕದ ಚರ್ಚಿಗೆ ಹೋಗಿ ಹೋಗಿ ನನ್ನ ಕಣ್ಣಿಗೂ ಅದು ಸಹಜವಾಗಿಬಿಟ್ಟಿತ್ತು. ಕ್ಯುರೇಟರ್‌ಗಂತೂ ಚಿಕ್ಕಂದಿನಿಂದ ಕಂಡದ್ದೇ ಅದು. ಆದರೆ ಇಲ್ಲಿಯ ಈ ಪದ್ಧತಿ ಬಂದು ಕೆಲವೇ ದಶಕಗಳಾಗಿದ್ದವು. ಆ ಕಾಲದಲ್ಲಿ ಕ್ಯಾಥೊಲಿಕ್ ಪಾದ್ರಿ ಜನರಿಗೆ ಬಟ್ಟಲು ಕೊಡುತ್ತಿರಲಿಲ್ಲ. ಕೊಡುತ್ತಿದ್ದದ್ದು ಎದುರು ಪಕ್ಷದವರು, ಪ್ರಾಟೆಸ್ಟೆಂಟರು.

ಖುಷಿಯಾಯಿತು, ಸುಳ್ಳೇಕೆ. ಸೋಮವಾರವೇ ಒಬ್ಬ ನಿವೃತ್ತ ಪಾದ್ರಿಯನ್ನು ಹುಡುಕಿಕೊಂಡು ಹೋದೆ. ಹಳೆಯ ಪೂಜಾಕ್ರಮಗಳ ಬಗ್ಗೆ ಜೀವಮಾನವಿಡೀ ಪಾಠ ಹೇಳಿದ ಪ್ರೊಫೆಸರ್ ಅವರು, ವಾಷಿಂಗ್ಟನ್ನಿನ ಪಾದ್ರಿಗಳ ವೃದ್ಧಾಶ್ರಮದಲ್ಲಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆಯಾಡಿಸಿದರು. ಹೌದು, ಶತಮಾನಗಳ ಕಾಲ ಜನರಿಗೆ ರೊಟ್ಟಿ ಮಾತ್ರ. ನಾನು ಏಳುವ ಹೊತ್ತಿಗೆ ನನ್ನ ತೋಳು ಹಿಡಿದು ಕೂರಿಸಿದರು.

"ಅವಸರ ಮಾಡಬೇಡಿ. ರೊಟ್ಟಿ ಗಂಟಲಲ್ಲಿ ಅಂಟದಿರಲಿ ಎಂದು ಆಮೇಲೆ ಒಂದು ಗುಟುಕು ಸಾದಾ ದ್ರಾಕ್ಷಾರಸ ಕೊಡುವ ರೂಢಿ ಎಷ್ಟೋ ಕಡೆ ಇತ್ತು. ಮಂತ್ರಿಸಿದ್ದಲ್ಲ, ಬರೀ ಬಾಯಿ ತೊಳೆಯುವುದಕ್ಕೆ. ನಿಮ್ಮ ಮನುಷ್ಯ ನೋಡಿದ್ದು ಅದನ್ನೇ ಇರಬಹುದು."

ನನ್ನ ಕೋಟೆ ಕುಸಿದುಬಿತ್ತು. ಬಾತ್ಮೀದಾರ ನಿಜವಾಗಿಯೂ ಆ ಅಟ್ಟದಲ್ಲಿದ್ದು, ಕಂಡದ್ದನ್ನು ಅರ್ಥವಾಗದೆ ಬರೆದಿದ್ದರೆ? ಆಗ ನೇಣಿಗೆ ಹೋದವನೇ ಸುಳ್ಳುಗಾರ. ಅಂದು ಸಂಜೆ ಬೇಜಾರಿನಲ್ಲಿ ಷಾರ್ಲೆಟ್ಟಿನ ಡಾಕ್ಟ್ರು ಅಂಕಲ್‌ಗೆ ಫೋನ್ ಮಾಡಿ ಎಲ್ಲ ತೋಡಿಕೊಂಡೆ. ಅವರು ಅರವತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಬಂದ ಹೃದ್ರೋಗ ತಜ್ಞರು, ಮಾವನ ಗೆಳೆಯರು, ಆ ಸಂಗ್ರಾಹಕರ ಜೊತೆ ಗಾಲ್ಫ್ ಆಡುವವರು. ನನಗೆ ಈ ಕೆಲಸದ ಸುಳಿವು ಕೊಟ್ಟವರೂ ಅವರೇ.

ಬೆಳಿಗ್ಗೆ ಎದ್ದು ಮತ್ತೆ ಮೊದಲಿನಿಂದ ಶುರು. ಈ ಸಲ ಬಟ್ಟಲನ್ನು ಬಿಟ್ಟು, ಬಟ್ಟಲು ಕೊಡುವಾಗ ಪಾದ್ರಿ ಏನು ಹೇಳಿದ ಎಂಬುದನ್ನು ನೋಡಿದೆ. ಬಾತ್ಮೀದಾರ ನಂಬಿಕೆ ಹುಟ್ಟಲೆಂದು ಪಾದ್ರಿಯ ಮಾತನ್ನೂ ಬರೆದಿಟ್ಟಿದ್ದ, ಇಂಗ್ಲಿಷಿನಲ್ಲಿ. ಆ ಸಾಲು ಹಾಳೆಯ ಮಡಿಕೆಯಲ್ಲಿ ಸವೆದುಹೋಗಿತ್ತು. ಮೊದಲ ಸುತ್ತಿನಲ್ಲಿ ಅರ್ಧ ಖಾಲಿ ಬಿಟ್ಟಿದ್ದೆ. ಮೂಲ ಹಾಳೆಯನ್ನು ಮತ್ತೆ ತರಿಸಿ, ದೀಪವನ್ನು ಒಂದೊಂದು ಕೋನದಲ್ಲಿ ಇಟ್ಟು, ಶಾಯಿ ಹೋದರೂ ಉಳಿದ ಲೇಖನಿಯ ಗೀರುಗಳಿಂದ ಅಕ್ಷರಗಳನ್ನು ಒಂದೊಂದಾಗಿ ಎತ್ತಿದೆ. ಪಕ್ಕದಲ್ಲಿ ಆ ಕಾಲದ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಚರ್ಚಿನ ಪ್ರಾರ್ಥನಾ ಪುಸ್ತಕ ಇಟ್ಟುಕೊಂಡೆ. ಮಾತಿಗೆ ಮಾತು ಹೊಂದಿತು.

ಕ್ಯಾಥೊಲಿಕ್ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಬಾಯಿ ತೊಳೆಯುವ ದ್ರಾಕ್ಷಾರಸಕ್ಕೆ ಮಂತ್ರವೇ ಇಲ್ಲ. ಬಾತ್ಮೀದಾರ ಲ್ಯಾಟಿನ್ನನ್ನು ಇಂಗ್ಲಿಷಿಗೆ ತಿರುಗಿಸಿ ಬರೆದ ಎನ್ನೋಣವೆಂದರೆ, ಜನರಿಗೆ ಬಟ್ಟಲು ಕೊಡದ ಪೂಜೆಯಲ್ಲಿ ಬಟ್ಟಲು ಕೊಡುವ ಮಾತು ಎಲ್ಲಿಂದ ಬರಬೇಕು? ಅವನು ಬರೆದದ್ದು ತನ್ನ ಬೀದಿಯ ಚರ್ಚಿನಲ್ಲಿ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದ ಮಾತನ್ನು. ಕ್ಯಾಥೊಲಿಕರ ಗುಟ್ಟಿನ ಪೂಜೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ತನ್ನದನ್ನೇ ಎತ್ತಿ ಕೈಗವಸಿನವನ ಅಟ್ಟದಲ್ಲಿಟ್ಟ. ನ್ಯಾಯಾಧೀಶನೂ ಪಂಚರೂ ಅದೇ ಚರ್ಚಿಗೆ ಹೋಗುವವರು. ಯಾರಿಗೂ ಅನುಮಾನ ಬರಲಿಲ್ಲ.

ಕ್ಯುರೇಟರ್ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮಾತಿಗೆ ಮಾತು ಹೋಲಿಸಿ ನೋಡಿದರು. ಕೊನೆಗೆ, "ಇದು ಪುರಾವೆ," ಎಂದರು. ನನ್ನ ಮುಖ ಅರಳುವ ಮೊದಲೇ ಇನ್ನೊಂದು ಮಾತು ಹೇಳಿದರು. "ಬೆಳಿಗ್ಗೆ ಷಾರ್ಲೆಟ್ಟಿನಿಂದ ಫೋನ್ ಬಂದಿತ್ತು. ತಮ್ಮ ಕಾಗದಗಳನ್ನು ಸುಳ್ಳು ಅಂತ ಹೇಳೋಕೆ ಹೊರಟಿದ್ದೀರಂತೆ, ಹೌದಾ ಅಂತ ಕೇಳಿದರು. ನನಗೇ ಗೊತ್ತಿಲ್ಲದ್ದು ಅವರಿಗೆ ಹೇಗೆ ಗೊತ್ತಾಯಿತು?"

ಓದುಕೋಣೆಯ ಪ್ರತಿಯೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಯಾರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ್ದರು, ಯಾರು ಬೇಡವಾದ ಪ್ರಶ್ನೆ ಕೇಳಿದ್ದರು ಎಂದು ಲೆಕ್ಕ ಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟನೆ ಹೊಳೆಯಿತು. ಹೊರಗೆ ಹೋಗಿ ಡಾಕ್ಟ್ರು ಅಂಕಲ್‌ಗೆ ಫೋನ್ ಮಾಡಿದೆ.

"ಹ್ಞಾಂ, ನಾನೇ ಹೇಳಿದೆ. ಗಾಲ್ಫ್ ಆಡ್ತಾ ಜಸ್ಟ್ ಮೆನ್ಷನ್ ಮಾಡಿದೆ ಕಣಯ್ಯಾ. ನಾನೇನು ಸ್ಪೈಯಿಂಗ್ ಮಾಡಿದ್ನಾ? ನಮ್ಮ ಹುಡುಗ ಎಷ್ಟು ಶಾರ್ಪ್ ಅಂತ ಹೇಳ್ಕೊಳ್ಳೋಣ ಅಂತ ಹೇಳಿದ್ದು!"

"ಅಂಕಲ್, ಅವರು ಕಾಗದ ವಾಪಸ್ ತಗೊಂಡ್ರೆ ಎಕ್ಸಿಬಿಷನ್ನೇ ಇರಲ್ಲ."

"ಹಾಗಾದ್ರೆ ಫೋನಲ್ಲಿ ಯಾಕೆ ಗುದ್ದಾಡ್ತೀಯಾ? ಡ್ರೈವ್ ಮಾಡ್ಕೊಂಡು ಬಾ. ಮುಖ ನೋಡಿ ಮಾತಾಡು. ಆಂಟಿ ಬಿಸಿಬೇಳೆಭಾತ್ ಮಾಡಿರ್ತಾಳೆ."

ಕ್ಯುರೇಟರ್ ನನ್ನ ಮುಂದೆ ಎರಡು ದಾರಿ ಇಟ್ಟರು. ಫಲಕದಲ್ಲಿ 'ಸಂಚಿನ ಮುಖ್ಯಸ್ಥನೆಂದು ಹೇಳಲಾದ' ಎಂದು ಒಂದು ಪದ ಸೇರಿಸಿ ಸುಮ್ಮನಾಗಬಹುದು, ಯಾರಿಗೂ ನೋವಿಲ್ಲ. ಇಲ್ಲವೇ ನಾನೇ ಷಾರ್ಲೆಟ್ಟಿಗೆ ಹೋಗಿ ಒಪ್ಪಿಸಬೇಕು; ಒಪ್ಪದಿದ್ದರೆ ನನ್ನ ಕಾಂಟ್ರ್ಯಾಕ್ಟ್ ಅಲ್ಲಿಗೆ ಮುಗಿದಂತೆ. ಆ ಒಂದು ಪದ ನನಗೆ ಬಹಳ ಆಕರ್ಷಕವಾಗಿ ಕಂಡಿತು. ಆದರೆ ಅದೆಂಥ ಪದ! ನೇಣು ಹಾಕಿದ್ದು ಸರಿಯೂ ಇರಬಹುದು, ತಪ್ಪೂ ಇರಬಹುದು ಎನ್ನುವ ಪದ. ನನ್ನ ಬಳಿ ಪುರಾವೆ ಇತ್ತು. ಪುರಾವೆ ಇದ್ದೂ ಅನುಮಾನ ನಟಿಸುವುದು ನನ್ನಂಥ ಅನುಮಾನದ ಪ್ರಾಣಿಗೂ ನಾಚಿಕೆಗೇಡು ಎನಿಸಿತು. ಶನಿವಾರ ಕಾರು ತೆಗೆದೆ.

ಸಂಗ್ರಾಹಕರು ಎತ್ತರದ ಮುದುಕ, ಮಾತಿನಲ್ಲಿ ದಕ್ಷಿಣದವರ ನಿಧಾನ. ಅಂಕಲ್ ಸೋಫಾದಲ್ಲಿ ನನ್ನ ಪಕ್ಕ ಕೂತು, ಬಾಯಿಗೆ ಬೀಗ ಹಾಕಿಕೊಂಡವರಂತೆ ಚಾವಣಿ ನೋಡುತ್ತಿದ್ದರು. ನಾನು ಹಾಳೆಗಳನ್ನು ಟೀಪಾಯಿಯ ಮೇಲೆ ಹರಡಿ, ಬಟ್ಟಲು, ಬಾಯಿ ತೊಳೆಯುವ ರೂಢಿ, ಕೊನೆಗೆ ಆ ಸಾಲು, ನಡೆದ ಕ್ರಮದಲ್ಲೇ ಹೇಳಿದೆ. ನಡುವೆ ನಾನು ಸೋತದ್ದನ್ನೂ ಮುಚ್ಚಿಡಲಿಲ್ಲ. ಅವರು ಭೂತಗನ್ನಡಿ ತರಿಸಿ ಓದಿದರು.

"ನಮ್ಮ ತಂದೆ ಇದನ್ನು ಕೊಂಡಾಗಿನಿಂದ ಮನೆಗೆ ಬಂದವರಿಗೆಲ್ಲ ಆ ಕೈಗವಸಿನವನು ದ್ರೋಹಿ ಅಂತ ಹೇಳಿಕೊಂಡು ಬಂದಿದ್ದೇನೆ," ಎಂದರು. ದನಿಯಲ್ಲಿ ಸಿಟ್ಟಿತ್ತು. "ಇದನ್ನು ಹುಡುಕೋದಕ್ಕೆ ನಿಮಗೆ ಯಾರು ದುಡ್ಡು ಕೊಟ್ಟರು?"

"ನೀವೇ ಸರ್," ಎಂದೆ.

ಅಂಕಲ್ ಕೆಮ್ಮಿದರು. ಮುದುಕರು ನನ್ನನ್ನೇ ನೋಡುತ್ತಿದ್ದರು. ನನ್ನ ಮಾತಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವ ಆ ನೋಟ ನನಗೆ ಚೆನ್ನಾಗಿ ಗೊತ್ತು. ನನ್ನದೂ ಅದೇ ನೋಟ. 'ಸಂಶಯಾಸ್ಪದ' ಎಂದು ಬರೆದರೆ ಸಾಲದೇ ಎಂದು ಕೇಳಿದರು. ಸಾಲದು ಎಂದೆ. ಆಣೆಯ ಬಗ್ಗೆ, ಕೊಲೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಬಾತ್ಮೀದಾರ ಆ ಪೂಜೆಯಲ್ಲಿ ಇರಲಿಲ್ಲ ಎನ್ನುವುದೊಂದು ಗೊತ್ತು. ಅದೊಂದನ್ನು ಬರೆಯಲು ಬಿಡಿ ಎಂದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗಿ ಬಂದು ಹಾಳೆಗಳನ್ನು ಒಟ್ಟು ಮಾಡಿ ನನ್ನ ಕೈಗೆ ಕೊಟ್ಟರು.

"ಬರೀರಿ. ಆದರೆ ದೊಡ್ಡ ಅಕ್ಷರದಲ್ಲಿ ಬರೀರಿ. ನನ್ನ ಗೆಳೆಯರೆಲ್ಲ ಮುದುಕರು, ಅವರಿಗೆ ಕಾಣಬೇಕು."

ಅಂಕಲ್ ಮನೆಯಲ್ಲಿ ಅವತ್ತು ನಾನು ಬಿಸಿಬೇಳೆಭಾತನ್ನು ಹಾಕಿಸಿಕೊಂಡು ಹಾಕಿಸಿಕೊಂಡು ತಿಂದೆ. ಫಲಕದಲ್ಲಿ ಹೊಸ ಮಾತು ಕೊರೆಸಿದೆವು: ವರದಿ ಬರೆದವನು ತಾನು ಕಂಡೆನೆಂದ ಪೂಜೆಯಲ್ಲಿ ಇರಲಿಲ್ಲ, ಅವನ ಮಾತಿನ ಮೇಲೆ ಈ ಮನುಷ್ಯನನ್ನು ನೇಣಿಗೆ ಹಾಕಲಾಯಿತು. ಕೈಗವಸಿನವನ ಹೆಸರು ಅದರ ಮೇಲೆ, ಯಾವ ವಿಶೇಷಣವೂ ಇಲ್ಲದೆ.

ನಡುಮನೆಯ ಅರ್ಥವೇ ಬದಲಾದ್ದರಿಂದ ಕ್ಯುರೇಟರ್ ಕೊನೆಯ ಕೋಣೆಯನ್ನೂ ಬದಲಿಸಿದರು. ಅಲ್ಲಿ ಮಕ್ಕಳಿಗೊಂದು ಆಟ. ನಿಮಗೆ ಗೊತ್ತಿರುವ ಯಾರಾದರೊಬ್ಬರ ಬಗ್ಗೆ ಅನುಮಾನ ಬರುವಂಥದ್ದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿ, ಒಂದು ತಾಮ್ರದ ಬಿಲ್ಲೆ ತೆಗೆದುಕೊಳ್ಳಿ. ಬರೆದದ್ದು ನಿಜವೋ ಸುಳ್ಳೋ ಯಾರೂ ಕೇಳುವುದಿಲ್ಲ. ಕಾಸು ಕೊಟ್ಟರೆ ಸುಳ್ಳು ಎಷ್ಟು ಬೇಗ ಹುಟ್ಟುತ್ತದೆಂದು ತೋರಿಸುವುದು ಆಕೆಯ ಉದ್ದೇಶ. ಪ್ರದರ್ಶನ ತೆರೆಯುವ ಮುನ್ನ ಸಿಬ್ಬಂದಿಯ ಮನೆಯವರನ್ನು ಕರೆದು ಪ್ರಯೋಗ ಮಾಡಿದೆವು. ನನ್ನ ಮಗಳು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಓಡಿಬಂದಳು.

"ಏನ್ ಬರ್ದೆ ಪುಟ್ಟಿ?"

"ಸೀಕ್ರೆಟ್, ಅಪ್ಪ!"

ಎಲ್ಲರೂ ಹೋದ ಮೇಲೆ ನಾನೂ ಕ್ಯುರೇಟರೂ ಪೆಟ್ಟಿಗೆ ತೆರೆದು ಚೀಟಿಗಳನ್ನು ನಿಜ, ಸುಳ್ಳು ಎಂದು ಎರಡು ಗುಂಪಾಗಿ ವಿಂಗಡಿಸಲು ಕೂತೆವು. ಟೀಚರ್ ಮಾಟಗಾತಿ, ತಮ್ಮ ಬೇರೆ ಗ್ರಹದವನು, ಪಕ್ಕದ ಮನೆಯ ಬೆಕ್ಕು ಕಳ್ಳ. ಆಕೆ ಓದಿ ಓದಿ ನಗುತ್ತಿದ್ದರು. ಒಂದು ಚೀಟಿ ಬಂದಾಗ ಮಾತ್ರ ನಗಲಿಲ್ಲ. "ಇದು ಮಾತ್ರ ನಿಜ ಅನಿಸುತ್ತೆ ನೋಡಿ," ಎಂದು ನನ್ನ ಕಡೆ ಸರಿಸಿದರು. ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಆ ದುಂಡಗಿನ ಇಂಗ್ಲಿಷ್ ಅಕ್ಷರಗಳು ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ತುಂಬ ಇವೆ.

ಒಬ್ಬ ಮನುಷ್ಯ ದಿನಾ ಚೀಲದಲ್ಲಿ ಕಾಗದಗಳನ್ನು ತರುತ್ತಾನೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ಫೋನ್ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬೇರೆ ಭಾಷೆಯಲ್ಲಿ ಮಾತಾಡುತ್ತಾನೆ. ರೈಲಿನಲ್ಲಿ ಯಾರಾದರೂ ನೋಡಿದರೆ ಕಾಗದ ಮುಚ್ಚಿಡುತ್ತಾನೆ. ಒಂದು ಶನಿವಾರ ತುಂಬಾ ದೂರ ಹೋಗಿ ಬಂದ, ಯಾಕೆಂದು ಮನೆಯವರಿಗೆ ಹೇಳಲಿಲ್ಲ.

ನಾನು ರೂಢಿಬಲದಿಂದ ಸಾಲು ಸಾಲಾಗಿ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ. ಬರೆದವಳು ಆ ಮನೆಯಲ್ಲಿದ್ದಳು, ರಜೆಯ ದಿನ ನನ್ನ ಜೊತೆ ರೈಲಿನಲ್ಲೂ ಬಂದಿದ್ದಳು, ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಕ್ಯುರೇಟರ್ ಅದನ್ನು ಯಾವ ಗುಂಪಿಗೆ ಹಾಕುವುದೆಂದು ಕೇಳಿದರು. ಈ ಚೀಟಿ ಮ್ಯೂಸಿಯಮ್ಮಿನ ಪೆಟ್ಟಿಗೆಗೆ ಬಿದ್ದದ್ದು ನನ್ನ ಪುಣ್ಯ ಎಂದುಕೊಳ್ಳುತ್ತಾ, ನಿಜದ ಗುಂಪಿಗೆ ಹಾಕಿ ಎಂದೆ.